ಜೈಸಲ್ಮೇರಿನ ಕಲ್ಲು ಹಾಲಿಗೆ ಹೆಪ್ಪಾಗುವುದಿಲ್ಲ

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಜೈಸಲ್ಮೇರಿಗೆ ಹೋಗುತ್ತಿದ್ದೇವೆ. ಮಗನಿಗೆ ಹತ್ತು ವರ್ಷ, ಕಂಡ ಕಲ್ಲನ್ನೆಲ್ಲ ಜೇಬಿಗೆ ಸೇರಿಸುವವನು. ಅಲ್ಲಿ ಪಳೆಯುಳಿಕೆಗಳು ಎಲ್ಲಿ ಸಿಗುತ್ತವೆ, ಆಯ್ದು ತರಬಹುದೇ? ಹಾಗೆಯೇ, ಹೆಪ್ಪಿಲ್ಲದೆ ಹಾಲನ್ನು ಮೊಸರು ಮಾಡುವ ಹಾಬೂರ್ ಕಲ್ಲಿನ ಬಟ್ಟಲು ಅಸಲಿಯೋ ನಕಲಿಯೋ ಎಂದು ಗುರುತಿಸುವುದು ಹೇಗೆ?

ಉತ್ತರ: ಪ್ರತಿ ಚಳಿಗಾಲಕ್ಕೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಕೊನೆಯ ವಾಕ್ಯ ಇದೇ ಆಗಿರುತ್ತದೆ. ಬಟ್ಟಲು ಮೊಸರು ಮಾಡುತ್ತದೆ ಎಂಬುದನ್ನು ಎಲ್ಲರೂ ಆಗಲೇ ನಂಬಿಬಿಟ್ಟಿರುತ್ತಾರೆ, ಅಸಲಿ ಯಾವುದೆಂದು ತಿಳಿಸಿದರೆ ಸಾಕು ಎನ್ನುತ್ತಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮಗುವಿನ ಜೇಬಿನ ಪ್ರಶ್ನೆ ನನಗೆ ಹೆಚ್ಚು ಮುಖ್ಯ, ಅದನ್ನು ಮೊದಲು ನೋಡೋಣ.

ಎಲ್ಲರೂ ಒಂಟೆ ಹತ್ತಲು ಹೋಗುವ ಸಮ್ ಮರಳುದಿಬ್ಬಗಳಲ್ಲಿ ಏನೂ ಸಿಗುವುದಿಲ್ಲ. ಅದು ಗಾಳಿ ತಂದು ಸುರಿದ ಮರಳು. ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಥಾರ್ ಎಂದರೆ ಬರೀ ಮರಳು ಎಂದುಕೊಂಡು ಹೋದವರು, ಜೈಸಲ್ಮೇರಿನ ಸುತ್ತ ಮೈಲುಗಟ್ಟಲೆ ಹರಡಿರುವ ಬೋಳು ಬಂಡೆಯ ನೆಲವನ್ನು ವಾಹನದ ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ. ನೋಡಬೇಕಾದದ್ದು ಆ ಬಂಡೆಯನ್ನೇ.

ಊರಿನಿಂದ ಬಾಡಮೇರ್ ರಸ್ತೆಯಲ್ಲಿ ಸುಮಾರು 17 ಕಿಲೋಮೀಟರ್ ಹೋದರೆ ಆಕಲ್ ಕಲ್ಮರದ ಉದ್ಯಾನ ಸಿಗುತ್ತದೆ. 21 ಹೆಕ್ಟೇರ್ ಜಾಗದಲ್ಲಿ, 18 ಕೋಟಿ ವರ್ಷಗಳ ಹಿಂದಿನ ಮರದ ಕಾಂಡಗಳು ಕಲ್ಲಾಗಿ ಮಲಗಿವೆ. ಅತಿ ಉದ್ದದ ಕಾಂಡ ಸುಮಾರು 13 ಮೀಟರ್ ಇದೆ. 1972ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಕಾಂಡಗಳಿಗೆ ತಗಡಿನ ಮಾಡು ಹಾಕಿ ಸುತ್ತ ಕಬ್ಬಿಣದ ಜಾಲರಿ ಕಟ್ಟಿದ್ದಾರೆ. ಬೋನಿನಲ್ಲಿಟ್ಟ ಮರ ಎಂದು ಮಕ್ಕಳು ಬೇಸರಪಟ್ಟರೆ, ಜಾಲರಿಯ ಹತ್ತಿರ ಕೂರಿಸಿ ತೊಗಟೆಯ ಎಳೆಗಳನ್ನು ತೋರಿಸಿ. ನದಿಯ ಮರಳಿನಲ್ಲಿ ಹೂತುಹೋದ ಮರದೊಳಗೆ ನೀರಿನಲ್ಲಿ ಕರಗಿದ್ದ ಸಿಲಿಕಾ ಇಳಿದು, ನಾರು ನಾರನ್ನೂ ತುಂಬಿ ಗಟ್ಟಿಯಾಗಿದೆ. ಮರವನ್ನು ಅಡಗಿಸಿಟ್ಟುಕೊಂಡಿರುವ ಈ ಲಾಠಿ ಮರಳುಗಲ್ಲಿನ ಪದರವೇ ಇಂದು ಆ ಸೀಮೆಯ ಕೊಳವೆಬಾವಿಗಳಿಗೆ ನೀರನ್ನೂ ಕೊಡುತ್ತಿದೆ. ನನಗೆ ಇದು ಪ್ರತಿ ಸಲವೂ ಬೆರಗು ಹುಟ್ಟಿಸುವ ಸಂಗತಿ.

ಆ ಕಾಡಿನ ಮೇಲೆ ಮುಂದೆ ಸಮುದ್ರ ಏರಿತು. ಅದರ ತಳದಲ್ಲಿ ಕೂತ ಹಳದಿ ಸುಣ್ಣದಕಲ್ಲೇ ಜೈಸಲ್ಮೇರಿನ ಕೋಟೆ, ಹವೇಲಿ, ಮೆಟ್ಟಿಲು, ಕಟ್ಟೆ ಎಲ್ಲವೂ ಆಗಿದೆ. ಹಾಗಾಗಿ ಮಕ್ಕಳೊಂದಿಗೆ ಪಳೆಯುಳಿಕೆ ಹುಡುಕಲು ಅತ್ಯುತ್ತಮ ಜಾಗ ಕೋಟೆಯ ಒಳಗಿನ ಓಣಿಗಳೇ ಎಂದು ನಾನು ಹೇಳುತ್ತೇನೆ. ಒಂದು ಭೂತಗನ್ನಡಿ ಕೊಟ್ಟು ಗೋಡೆಯ ಕಲ್ಲುಗಳಲ್ಲಿ ಚಿಪ್ಪಿನ ಅಂಚು ಹುಡುಕಲು ಬಿಡಿ. ಬಿಲ್ಲಿನಂತೆ ಬಾಗಿದ ತೆಳು ಗೆರೆ ಕಂಡರೆ ಅದು ಕಪ್ಪೆಚಿಪ್ಪಿನ ಅಡ್ಡಕೊಯ್ತ. ಕುಲ್ಧರಾ ಎಂಬ ಪಾಳು ಹಳ್ಳಿಗೆ ಜನ ದೆವ್ವದ ಕಥೆ ಕೇಳಲು ಹೋಗುತ್ತಾರೆ. ಭೂವಿಜ್ಞಾನಿಗಳು ಅದೇ ಹೆಸರಿಟ್ಟಿರುವ ಕಲ್ಲಿನ ಪದರವೊಂದಿದೆ. ಸಾಸಿವೆ ಕಾಳಿನಷ್ಟು ಚಿಕ್ಕ, ಹೊಂಬಣ್ಣದ ಗುಂಡುಗಳು ಒತ್ತೊತ್ತಾಗಿ ಕೂಡಿ ಆದ ಕಲ್ಲು ಅದು. ಅದರಲ್ಲಿ ಅಮೊನೈಟ್‌ಗಳು, ಅಂದರೆ ಅಳಿದುಹೋದ ಸಮುದ್ರಜೀವಿಯೊಂದರ ಸುರುಳಿ ಚಿಪ್ಪುಗಳು, ಹೇರಳವಾಗಿವೆ.

ಆಯ್ದು ತರಬಹುದೇ? ಆಕಲ್‌ನಿಂದ ಚೂರನ್ನೂ ತರಬಾರದು. ಕುಲ್ಧರಾದಿಂದಲೂ ಬೇಡ. ಮರುಭೂಮಿ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯಲ್ಲಿ ವನ್ಯಜೀವಿ ಕಾನೂನು ಇದೆ. ಉಳಿದ ಕಡೆ ನೆಲ ಯಾರದೋ ಒಬ್ಬರದಾಗಿರುತ್ತದೆ, ಕಲ್ಲುಗಣಿ ಯಾರೋ ಒಬ್ಬರ ಗುತ್ತಿಗೆಯಲ್ಲಿರುತ್ತದೆ. ಅವರನ್ನು ಕೇಳಿ. ಭೂಪರಂಪರೆಯ ತಾಣಗಳಿಗಾಗಿ ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಪ್ರತ್ಯೇಕ ಮಸೂದೆಯ ಕರಡನ್ನು ಪ್ರಕಟಿಸಿತ್ತು. ಅದರ ದಾರಿ ಕಾಯದೆಯೂ ನಾವು ಸರಿಯಾಗಿ ನಡೆದುಕೊಳ್ಳಬಹುದು. ಎಲುಬಿನಂತೆ ಕಾಣುವ ಯಾವುದನ್ನೂ ಮುಟ್ಟಬೇಡಿ. ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗವನ್ನು ಗುರುತಿಸಿಕೊಂಡು ಸರ್ವೇಕ್ಷಣ ಸಂಸ್ಥೆಯ ಜೈಪುರ ಕಚೇರಿಗೆ ತಿಳಿಸಿ. 2023ರಲ್ಲಿ ಜಗತ್ತಿಗೆ ಪರಿಚಯವಾದ ಥಾರೋಸಾರಸ್ ಇಂಡಿಕಸ್ ಎಂಬ ಉದ್ದ ಕತ್ತಿನ ಡೈನೋಸಾರ್, 16.7 ಕೋಟಿ ವರ್ಷ ಹಳೆಯದು, ಇದೇ ಜೈಸಲ್ಮೇರಿನ ಬಂಡೆಯಿಂದ ಬಂದದ್ದು. ಐಐಟಿ ರೂರ್ಕಿಯವರೂ ಸರ್ವೇಕ್ಷಣ ಸಂಸ್ಥೆಯವರೂ ಸೇರಿ ಅದನ್ನು ಗುರುತಿಸಿದರು. ಸಿಕ್ಕಿದ್ದು ಕೆಲವೇ ಎಲುಬುಗಳು. ಅವುಗಳಲ್ಲಿ ಒಂದನ್ನು ಯಾರಾದರೂ ಮನೆಯ ಷೋಕೇಸಿಗೆ ಒಯ್ದಿದ್ದರೆ ಎಂದು ಯೋಚಿಸಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಇನ್ನು ಬಟ್ಟಲು.

ಹಾಬೂರ್ ಜೈಸಲ್ಮೇರಿನ ವಾಯವ್ಯಕ್ಕಿರುವ ಹಳ್ಳಿ. ಈಗ ಪೂನಮ್‌ನಗರ ಎಂಬ ಹೆಸರೂ ಇದೆ. ಅಲ್ಲಿಯದು ಕೆಂಗಂದು ಬಣ್ಣದ ಸುಣ್ಣದಕಲ್ಲು. ಸುಮಾರು 11–12 ಕೋಟಿ ವರ್ಷಗಳ ಹಿಂದೆ ಸಮುದ್ರ ಮತ್ತೊಮ್ಮೆ ಬಂದಾಗ ಆದದ್ದು. ಅದರ ತುಂಬ ಹಳದಿ ಚಿಪ್ಪುಗಳು, ಅಮೊನೈಟ್ ಸುರುಳಿಗಳು. ಹೊಳಪು ಕೊಟ್ಟರೆ ಕಣ್ಣು ತೆಗೆಯಲಾಗದಷ್ಟು ಚೆಂದ. ಇಷ್ಟು ಚೆಂದದ ಕಲ್ಲಿಗೆ ಮೊಸರಿನ ಪವಾಡವನ್ನು ಯಾಕೆ ಅಂಟಿಸಬೇಕಿತ್ತು?

ಹಾಲು ಮೊಸರಾಗುವುದು ಹೇಗೆಂದು ನಮ್ಮ ಯಾವ ಅಡುಗೆಮನೆಗೂ ಹೊಸದಾಗಿ ಕಲಿಸಬೇಕಿಲ್ಲ. ಕಾಯಿಸಿ ಆರಿಸಿದ ಹಾಲಿಗೆ ಬೆರಳು ಅದ್ದಿ ನೋಡಿ ಹೆಪ್ಪು ಹಾಕುತ್ತೇವೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. 6.6ರ ಆಸುಪಾಸಿನಲ್ಲಿದ್ದ ಹಾಲಿನ ಪಿಎಚ್ 4.6ರ ಕಡೆಗೆ ಇಳಿಯುತ್ತಿದ್ದಂತೆ, ಅದರಲ್ಲಿ ತೇಲುತ್ತಿದ್ದ ಕೇಸೀನ್ ಎಂಬ ಪ್ರೋಟೀನ್ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಅಂದರೆ ಮೊಸರಿಗೆ ಬೇಕಾದದ್ದು ಜೀವಂತ ಬ್ಯಾಕ್ಟೀರಿಯಾ, ಅದು ಹುಟ್ಟಿಸುವ ಹುಳಿ. ಕಲ್ಲಿನಲ್ಲಿ ಎರಡೂ ಇಲ್ಲ.

ಅಷ್ಟೇ ಅಲ್ಲ, ಈ ಕಲ್ಲು ಹುಳಿಗೆ ಶತ್ರು. ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಮೇಲೆ ಆಮ್ಲ ಬಿದ್ದರೆ ಕಲ್ಲೂ ಸವೆಯುತ್ತದೆ, ಆಮ್ಲದ ಬಲವೂ ಉಡುಗುತ್ತದೆ. ಶಹಾಬಾದ್ ಕಲ್ಲು ಹಾಸಿದ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟ ಜಾಗದಲ್ಲಿ ಹೊಳಪು ಹೋಗಿ ಮಾಸಲು ಕಲೆ ಉಳಿಯುತ್ತದೆ. ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ಹಾಬೂರ್ ಬಟ್ಟಲಿನ ತಳವನ್ನು ಮೊಳೆಯಿಂದ ಕೊಂಚ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಹಿಂಡಿ ಕಿವಿಗೊಡಿ. ಚುರುಚುರು ಸದ್ದು ಕೇಳಿಸುತ್ತದೆ. ನಾವು ಕ್ಷೇತ್ರಕಾರ್ಯದಲ್ಲಿ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಪುಟ್ಟ ಬಾಟಲಿ ಒಯ್ಯುವುದು ಇದೇ ಪರೀಕ್ಷೆಗೆ. ನಿಂಬೆಹುಳಿ ಹಾಲನ್ನು ಒಡೆಯುತ್ತದೆ, ಸುಣ್ಣದಕಲ್ಲು ಆ ಹುಳಿಯನ್ನೇ ಮುರಿಯುತ್ತದೆ. ಹಾಲನ್ನು ಮೊಸರು ಮಾಡಲು ಕಲ್ಲೊಂದನ್ನು ಆರಿಸಲೇಬೇಕೆಂದರೆ ಇದಕ್ಕಿಂತ ಒಲ್ಲದ ಕಲ್ಲು ಸಿಗುವುದು ಕಷ್ಟ.

"ಆದರೆ ಸರ್, ಅದರಲ್ಲಿ ಅಮೈನೋ ಆಮ್ಲ, ಫಿನೈಲ್ ಅಲನೈನ್, ಟೈರೋಸಿನ್ ಇದೆಯಂತೆ" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ಹೆಸರುಗಳು ದೊಡ್ಡವು, ಅದಕ್ಕೇ ಜನ ತಲೆಬಾಗುತ್ತಾರೆ. ಇವೆಲ್ಲ ಪ್ರೋಟೀನಿನ ಕಟ್ಟಡದ ಇಟ್ಟಿಗೆಗಳು. ಹಾಲಿನ ಕೇಸೀನ್‌ನಲ್ಲೇ ಇವು ಧಾರಾಳವಾಗಿವೆ. ಇವುಗಳಿಂದ ಹಾಲು ಮೊಸರಾಗುವುದಿದ್ದರೆ, ಹಸುವಿನ ಕೆಚ್ಚಲಲ್ಲೇ ಆಗಿಬಿಡಬೇಕಿತ್ತು. ಹೆಸರಿನಲ್ಲಿ ಆಮ್ಲ ಎಂದಿರುವುದೆಲ್ಲ ಹಾಲನ್ನು ಹುಳಿಯಾಗಿಸುವುದಿಲ್ಲ.

"ನಮ್ಮ ಕಣ್ಣಾರೆ ನೋಡಿದ್ದೇವೆ" ಎನ್ನುವವರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ಅವರು ಕಂಡದ್ದಕ್ಕೆ ಕಾರಣ ಬೇರೆ. ಕಾಯಿಸದ ಹಾಲಿನಲ್ಲಿ ಹುಳಿ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಮೊದಲೇ ಇರುತ್ತವೆ, ಬೆಚ್ಚನೆಯ ರಾತ್ರಿ ಸಿಕ್ಕರೆ ಯಾವ ಪಾತ್ರೆಯಲ್ಲಾದರೂ ಅದು ಗಟ್ಟಿಯಾಗುತ್ತದೆ. ಕಾಯಿಸಿದ ಹಾಲಾದರೆ ಸೌಟು, ಕೈ, ಒರೆಸುವ ಬಟ್ಟೆ ಇವುಗಳಿಂದ ಹೆಪ್ಪು ಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆ ಮೊಸರಿದ್ದ ಬಟ್ಟಲಿನ ಸಣ್ಣ ರಂಧ್ರಗಳಲ್ಲಿ, ಚಿಪ್ಪುಗಳ ಸಂದಿಯಲ್ಲಿ ನಿನ್ನೆಯ ಹೆಪ್ಪು ಉಳಿದಿರುತ್ತದೆ. ದಿನವೂ ಮೊಸರಿಗೇ ಇಟ್ಟ ಮಣ್ಣಿನ ಕುಡಿಕೆಯಲ್ಲಿ ನಮ್ಮ ಅಜ್ಜಿಯಂದಿರು ಹೆಪ್ಪನ್ನು ಕಡಿಮೆ ಹಾಕುತ್ತಿದ್ದರಲ್ಲ, ಕಾರಣ ಇದೇ. ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರು ಮಾಡುವುದೂ ತೊಟ್ಟಿಗಂಟಿದ ಬ್ಯಾಕ್ಟೀರಿಯಾದಿಂದಲೇ.

ನನ್ನ ಮಾತನ್ನೂ ನಂಬಬೇಡಿ, ಮಕ್ಕಳ ಕೈಯಲ್ಲೇ ಮಾಡಿಸಿ. ಹೊಸ ಬಟ್ಟಲನ್ನು ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿ ಕಾಲು ಗಂಟೆ ಕುದಿಸಿ. ಎರಡು ಸ್ಟೀಲ್ ಲೋಟಗಳನ್ನೂ ಅದರೊಂದಿಗೇ ಕುದಿಸಿ. ಒಂದೇ ಪಾತ್ರೆಯಲ್ಲಿ ಕಾಯಿಸಿ ಉಗುರುಬೆಚ್ಚಗಾಗಿಸಿದ ಹಾಲನ್ನು ಮೂರಕ್ಕೂ ಹುಯ್ಯಿರಿ. ಒಂದು ಲೋಟಕ್ಕೆ ಮಾತ್ರ ಅರ್ಧ ಚಮಚ ಹೆಪ್ಪು ಹಾಕಿ, ಮೂರನ್ನೂ ಮುಚ್ಚಿಡಿ. ನಾನು ವಿದ್ಯಾರ್ಥಿಗಳ ಮುಂದೆ ಎರಡು ಸಲ ಇದನ್ನು ಮಾಡಿದ್ದೇನೆ. ಬೆಳಿಗ್ಗೆ ಹೆಪ್ಪು ಹಾಕಿದ ಲೋಟದಲ್ಲಿ ಮೊಸರಿತ್ತು, ಉಳಿದೆರಡರಲ್ಲೂ ಹಾಲು ಹಾಲಾಗಿಯೇ ಇತ್ತು. ಆಮೇಲೆ ಅದೇ ಕಲ್ಲಿನ ಬಟ್ಟಲಿನಲ್ಲಿ ಒಮ್ಮೆ ಹೆಪ್ಪು ಹಾಕಿ ಮೊಸರು ಮಾಡಿ, ತೊಳೆಯದೆ ಬಟ್ಟೆಯಿಂದ ಒರೆಸಿ, ಮರುದಿನ ಬರೀ ಹಾಲು ಹುಯ್ದೆವು. ಮೊಸರಾಯಿತು! ಕಲ್ಲು ಎರಡೂ ದಿನ ಒಂದೇ, ನಡುವೆ ಸೇರಿದ್ದು ಹೆಪ್ಪು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದರೆ ಸ್ಟೀಲ್ ಲೋಟವನ್ನೂ ತೊಳೆಯದೆ ಒರೆಸಿ ನೋಡಬೇಕಲ್ಲವೇ ಸರ್?" ಎಂದಳು. ಅದನ್ನೂ ಮಾಡಿದೆವು, ಅದರಲ್ಲೂ ಮೊಸರಾಯಿತು. ಮೂವತ್ತು ವರ್ಷ ಪಾಠ ಮಾಡಿದ್ದಕ್ಕೆ ಆ ಒಂದು ಪ್ರಶ್ನೆ ಸಾಕೆನಿಸಿತು.

ಕೊನೆಯದಾಗಿ, ಹೆಪ್ಪಿಲ್ಲದ ಹಾಲನ್ನು ಎರಡು ಮೂರು ದಿನ ಇಟ್ಟು ಗಟ್ಟಿಯಾದದ್ದನ್ನು ಮಕ್ಕಳಿಗೆ ತಿನ್ನಿಸಬೇಡಿ. ಅದು ಕೆಟ್ಟ ಹಾಲು. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಈ ಬಟ್ಟಲಿನ ನೀರು ಮದ್ದು ಎಂಬ ಮಾತು ಕೇಳಿ ಯಾರೂ ಮಾತ್ರೆ ಬಿಡಬೇಡಿ.

ಬಟ್ಟಲನ್ನು ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಕೊಳ್ಳಿ. ಕೆತ್ತಿದವರ ದುಡಿಮೆಗೆ ಬೆಲೆ ಸಿಗುತ್ತದೆ, ಮಗನಿಗೆ ಪಳೆಯುಳಿಕೆಯನ್ನು ಜೇಬಿನಲ್ಲಿ ಕದ್ದು ತರುವ ಅಗತ್ಯವೂ ಬೀಳುವುದಿಲ್ಲ. ಮೊಸರಿನ ಹೆಸರು ಹೇಳಿ ಬೆಲೆ ಏರಿಸಿದರೆ ಪಕ್ಕದ ಅಂಗಡಿಗೆ ಹೋಗಿ. ಚಿಪ್ಪಿನ ಅಡ್ಡಕೊಯ್ತಗಳು ಸ್ಪಷ್ಟವಾಗಿ ಕಾಣುವುದನ್ನು ಆರಿಸಿ. ಕಡಲೆಬೀಜವನ್ನೋ ಹೂವನ್ನೋ ಇಡಿ. ಸಾರು, ಹುಳಿ, ಉಪ್ಪಿನಕಾಯಿ ಮಾತ್ರ ಬೇಡ, ಹೊಳಪು ಹಾಳಾಗುತ್ತದೆ. ನಮ್ಮ ಹಿರಿಯರು ಹುಳಿ ಪದಾರ್ಥಕ್ಕೆ ಬಳಪದ ಕಲ್ಲಿನ ಮರಿಗೆಯನ್ನು ಆರಿಸಿಕೊಂಡದ್ದು ಎಷ್ಟು ಸರಿಯಾಗಿತ್ತು ನೋಡಿ. ಬಳಪದ ಕಲ್ಲನ್ನು ಹುಣಸೆಯೂ ನಿಂಬೆಯೂ ಏನೂ ಮಾಡಲಾರವು.

ಮರಿಗೆಯ ಮಾತು ಬಂದದ್ದರಿಂದ, ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕೆನಿಸುತ್ತಿದೆ. ಜೈಸಲ್ಮೇರಿನ ಗೋಡೆಯಲ್ಲಿ ಚಿಪ್ಪು ಕಂಡ ಮಗು, ನಮ್ಮ ಮನೆಯ ನೆಲದಲ್ಲಿ ಯಾಕಿಲ್ಲ ಎಂದು ಕೇಳಿಯೇ ಕೇಳುತ್ತದೆ. ಕರ್ನಾಟಕದ ಬಹುಪಾಲು ಬಂಡೆ ತೀರಾ ಹಳೆಯದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೀಮಾ ತೀರದ ಶಹಾಬಾದ್ ಕಲ್ಲು ಸಮುದ್ರದ ತಳದಲ್ಲೇ ಕೂತದ್ದಾದರೂ, ಚಿಪ್ಪು ಕಟ್ಟುವ ಪ್ರಾಣಿಗಳು ಹುಟ್ಟುವ ಮೊದಲೇ ಕೂತದ್ದು. ಉತ್ತರದ ಕಪ್ಪು ಕಲ್ಲು ಲಾವಾ ಹರಿದು ಆದದ್ದು.

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಅಮೊನೈಟ್ ಇದೆ, ದೇವರ ಪೆಟ್ಟಿಗೆಯೊಳಗೆ. ನೇಪಾಳದ ಗಂಡಕಿಯಿಂದ ಬಂದ, ಚಕ್ರವಿರುವ ಸಾಲಿಗ್ರಾಮ ಅದೇ. ಬೊಂಡಾಸ್ (ಸ್ಕ್ವಿಡ್), ಆಕ್ಟೋಪಸ್‌ಗಳ ದೂರದ ನೆಂಟನಾದ ಈ ಜೀವಿ 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋಯಿತು. ಹಿಮಾಲಯ ಏಳುವ ಮುನ್ನ ಅಲ್ಲಿದ್ದ ಸಮುದ್ರದ ಕಪ್ಪು ಕೆಸರಿನಲ್ಲಿ ಹೂತ ಸುರುಳಿಗಳು ಈಗ ಬೆಟ್ಟದಿಂದ ಕಳಚಿ ನದಿಗೆ ಬರುತ್ತವೆ. ಚಕ್ರದ ಅರೆಗಳಂತೆ ಕಾಣುವುದು ಚಿಪ್ಪಿನ ಮೈಮೇಲಿನ ಏಣುಗಳು. ಹಾಬೂರ್ ಕಲ್ಲಿನ ಸುರುಳಿಯಲ್ಲೂ ಇಂಥ ಏಣುಗಳನ್ನು ಹುಡುಕಬಹುದು. ಪೂಜೆಯ ಕಲ್ಲು ಪಳೆಯುಳಿಕೆ ಎಂದರೆ ಕೆಲವರು ನೊಂದುಕೊಳ್ಳುತ್ತಾರೆ. ನನ್ನ ತಾಯಿ ಮಾತ್ರ ಇದನ್ನು ಕೇಳಿದ ದಿನದಿಂದ ಅಭಿಷೇಕದ ನೀರನ್ನು ಇನ್ನೂ ಮೆಲ್ಲಗೆ ಎರೆಯತೊಡಗಿದರು.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಸಾಲಿಗ್ರಾಮ ಇದ್ದರೆ, ಹೊರಡುವ ಮೊದಲು ಹಿರಿಯರ ಅನುಮತಿ ಕೇಳಿ ಮಗನಿಗೆ ಭೂತಗನ್ನಡಿಯಲ್ಲಿ ತೋರಿಸಿ. ಏಣುಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಲಿ. ಕೋಟೆಯ ಓಣಿಯಲ್ಲಿ ಆ ಕಾಗದ ಅವನ ಕೈಯಲ್ಲಿರಲಿ.