ಉಕ್ಕಿನ ಕೈಗೆ ತೆರಬೇಕಾದ ಬೆಲೆ

ವೈಜ್ಞಾನಿಕ ಕಥೆಯ ರೋಲ್‌ಪ್ಲೇಯಿಂಗ್ ಆಟಕ್ಕೆ, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ದಾಳ ಮತ್ತು ನಿಯಮಗಳ ನೆರವಿನಿಂದ ಕಥೆ ನಡೆಸುವ ಆಟಕ್ಕೆ, ಹೊಸದಾಗಿ ಕೂತವರು ಸಲಕರಣೆಗಳ ಪಟ್ಟಿ ನೋಡುತ್ತಿದ್ದಂತೆ ಕೇಳುವ ಪ್ರಶ್ನೆ ಒಂದೇ: ದುಡ್ಡಿದ್ದರೆ ನನ್ನ ಪಾತ್ರದ ಇಡೀ ಮೈಯನ್ನೇ ಯಂತ್ರ ಮಾಡಿಕೊಳ್ಳಬಾರದೇಕೆ? ಕಳೆದ ಮೂರೂವರೆ ದಶಕಗಳಲ್ಲಿ ನಿಯಮ ಬರೆದವರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಅರ್ಧ ಜೀವಿ, ಅರ್ಧ ಯಂತ್ರ ಎಂಬ ಅರ್ಥದ ‘ಸೈಬಾರ್ಗ್’ ಪದ ಹುಟ್ಟಿದ್ದು 1960ರಲ್ಲಿ. ಬಾಹ್ಯಾಕಾಶಕ್ಕೆ ಹೊಂದುವಂತೆ ಮನುಷ್ಯನ ದೇಹವನ್ನೇ ಮಾರ್ಪಡಿಸುವ ಬಗ್ಗೆ ಬರೆಯುತ್ತ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಅದನ್ನು ಕಟ್ಟಿದರು. ಆಟದ ಮೇಜಿನ ಮೇಲೆ ಅದಕ್ಕೆ ಲೆಕ್ಕಾಚಾರದ ರೂಪ ಕೊಟ್ಟ ಮುಖ್ಯ ಆಟ 1988ರ ‘ಸೈಬರ್‌ಪಂಕ್’. ಮೈಕ್ ಪಾಂಡ್‌ಸ್ಮಿತ್ ಅವರ ಆರ್. ಟಾಲ್ಸೋರಿಯನ್ ಗೇಮ್ಸ್ ಅದನ್ನು ಹೊರತಂದಿತು. 1990ರ ‘ಸೈಬರ್‌ಪಂಕ್ 2020’ ಹೆಚ್ಚು ಜನರ ಕೈಸೇರಿತು.

ಅಲ್ಲಿನ ಲೆಕ್ಕ ಸರಳ. ಎಂಪತಿ, ಅಂದರೆ ಇನ್ನೊಬ್ಬರ ಮನಸ್ಸಿಗೆ ಸ್ಪಂದಿಸುವ ಶಕ್ತಿ, ಪಾತ್ರದ ಒಂದು ಗುಣಾಂಕ. ಅದನ್ನು 10ರಿಂದ ಗುಣಿಸಿದರೆ ಮಾನವೀಯತೆಯ ಅಂಕ ಬರುತ್ತದೆ. ಸೈಬರ್ ತೋಳು, ಅಂದರೆ ಯಂತ್ರದ ತೋಳು, ಹಾಕಿಸಿಕೊಂಡರೆ ಆರು ಮುಖದ ಎರಡು ದಾಳ ಉರುಳಿಸಿ, ಬಂದ ಮೊತ್ತವನ್ನು ಆ ಅಂಕದಿಂದ ಕಳೆಯಬೇಕು. ಹತ್ತು ಅಂಕ ಹೋದಾಗಲೆಲ್ಲ ಎಂಪತಿ ಒಂದು ಇಳಿಯುತ್ತದೆ. ಅದು ಸೊನ್ನೆಗೆ ಮುಟ್ಟಿತೋ, ಪಾತ್ರಕ್ಕೆ ಸೈಬರ್‌ಸೈಕೋಸಿಸ್, ಅಂದರೆ ಯಂತ್ರಭಾಗಗಳಿಂದ ಬರುವ ಹುಚ್ಚು, ಹಿಡಿದಂತೆ. ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟ್ ಆಟಗಾರನ ಕೈಬಿಟ್ಟು ಆಟ ನಡೆಸುವವರ ಕೈಗೆ ಹೋಗುತ್ತದೆ.

ಈ ನಿಯಮ ಕಥೆಗೆ ಒದಗಿದ್ದು ನಿಜ, ಆದರೆ ಅದು ಮಾಡುವ ಮುಖ್ಯ ಕೆಲಸ ಆಟದ ಸಮತೋಲ ಕಾಯುವುದು. ಇಂಥ ಆಟಗಳಲ್ಲಿ ದುಡ್ಡು ಒಳ್ಳೆಯ ಲಗಾಮಲ್ಲ. ಒಂದು ದೊಡ್ಡ ಕಳ್ಳತನ ಗೆದ್ದರೆ ಸಾಕು, ಬೆಲೆಪಟ್ಟಿಗೆ ಅರ್ಥವೇ ಉಳಿಯುವುದಿಲ್ಲ. ಎಷ್ಟು ಹಣವಿದ್ದರೂ ಸುಲಭಕ್ಕೆ ಕೊಳ್ಳಲಾಗದ ಇನ್ನೊಂದು ಖಜಾನೆ ಬೇಕಿತ್ತು. ಅದಕ್ಕೆ ಮಾನವೀಯತೆ ಎಂದು ಹೆಸರಿಟ್ಟರು. ಮುಂದಿನ ತಕರಾರುಗಳೆಲ್ಲ ಹುಟ್ಟಿದ್ದು ಈ ಹೆಸರಿನಿಂದಲೇ.

1989ರಲ್ಲಿ ಫಾಸಾ ಕಂಪನಿ ತಂದ ‘ಶ್ಯಾಡೋರನ್’ ಅದೇ ಖಜಾನೆಯನ್ನು ‘ಎಸೆನ್ಸ್’ ಎಂದು ಕರೆಯಿತು. ಎಲ್ಲರಿಗೂ 6 ಅಂಕ. ಪ್ರತಿ ಭಾಗಕ್ಕೂ ನಿಗದಿತ ವೆಚ್ಚ, ದಾಳದ ಅದೃಷ್ಟಕ್ಕೆ ಇಲ್ಲಿ ಜಾಗವಿಲ್ಲ. ಸೊನ್ನೆಯಾದರೆ ಹುಚ್ಚಲ್ಲ, ಸಾವು. ಆ ಲೋಕದಲ್ಲಿ ಮಂತ್ರವಿದ್ಯೆಯೂ ಇರುವುದರಿಂದ, ಎಸೆನ್ಸ್ ಇಳಿದಂತೆ ಮಂತ್ರಶಕ್ತಿಯೂ ಇಳಿಯುತ್ತದೆ. ಮಂತ್ರವಾದಿಗೆ ಉಕ್ಕಿನ ತೋಳು ಏಕೆ ದುಬಾರಿ ಎಂಬುದಕ್ಕೆ ಇಷ್ಟು ಸಾಕು.

ಇಡೀ ದೇಹ ಬದಲಿಸಲು ಹೊರಟವರು ಎಡವುವುದು ಇಲ್ಲಿಯೇ. ಶ್ಯಾಡೋರನ್‌ನ 2013ರ ಐದನೇ ಆವೃತ್ತಿಯ ಎಸೆನ್ಸ್ ಅಂಕಿಗಳನ್ನೇ ತೆಗೆದುಕೊಳ್ಳಿ. ಪೂರ್ತಿ ತೋಳಿಗೆ 1, ಪೂರ್ತಿ ಕಾಲಿಗೆ 1, ಮುಂಡಕ್ಕೆ 1.5, ತಲೆಬುರುಡೆಗೆ 0.75. ಎರಡು ತೋಳು, ಎರಡು ಕಾಲು, ಮುಂಡ, ಬುರುಡೆ ಕೂಡಿಸಿದರೆ 6.25. ಇರುವುದು 6. ಅಂದರೆ ಸಾಮಾನ್ಯ ದರ್ಜೆಯ ಭಾಗಗಳಲ್ಲಿ ಪೂರ್ತಿ ಯಂತ್ರದೇಹ ಪಡೆದವನು ಶಸ್ತ್ರಚಿಕಿತ್ಸೆಯ ಮೇಜಿನಿಂದ ಎದ್ದೇಳುವುದೇ ಇಲ್ಲ. ಅದಕ್ಕಿಂತ ಮೇಲಿನ ಆಲ್ಫಾವೇರ್ ದರ್ಜೆಯಲ್ಲಿ ಎಸೆನ್ಸ್ ವೆಚ್ಚ 0.8ರಷ್ಟಕ್ಕೆ ಇಳಿಯುತ್ತದೆ. ಒಟ್ಟು 5, ಉಳಿಯುವುದು 1. ಆದರೆ ಯುದ್ಧದಲ್ಲಿ ಚುರುಕಾಗಲು ಬೇಕಾದ ವೈರ್ಡ್ ರಿಫ್ಲೆಕ್ಸಸ್‌ನ ಮೊದಲ ಹಂತಕ್ಕೆ ಅದೇ ದರ್ಜೆಯಲ್ಲಿ 1.6 ಬೇಕು, ಹಿಡಿಸುವುದಿಲ್ಲ. ಬೀಟಾವೇರ್‌ಗೆ, ಅಂದರೆ ಇನ್ನೂ ಮೇಲಿನ ದರ್ಜೆಗೆ, ಹೋದರೆ ವೆಚ್ಚ 0.7 ಪಟ್ಟು: ದೇಹಕ್ಕೆ 4.375, ರಿಫ್ಲೆಕ್ಸಸ್‌ಗೆ 1.4, ಉಳಿಯುವುದು 0.225. ಕೂದಲೆಳೆಯಷ್ಟು ಜೀವ. ಪಾತ್ರ ರಚಿಸುವಾಗ ಬೀಟಾವೇರ್ ಕೊಳ್ಳುವಂತಿಲ್ಲ, ಆದ್ದರಿಂದ ಈ ಯೋಜನೆ ಆಟ ಶುರುವಾದ ಮೇಲಿನದು. ಸಾಮಾನ್ಯ ದರ್ಜೆಯ ತೋಳನ್ನು ಈಗ ಹಾಕಿಸಿ ‘ಆಮೇಲೆ ಬದಲಿಸಿದರಾಯಿತು’ ಅನ್ನುವವರು ಇನ್ನೊಂದು ಮಾತು ತಿಳಿದಿರಬೇಕು: ಭಾಗ ಕಿತ್ತರೂ ಕಳೆದ ಎಸೆನ್ಸ್ ತಾನಾಗಿ ಮರಳುವುದಿಲ್ಲ. ಅಲ್ಲೊಂದು ಗುಂಡಿ ಉಳಿಯುತ್ತದೆ. ಮುಂದೆ ಹಾಕಿಸುವ ಭಾಗಗಳು ಮೊದಲು ಅದನ್ನು ತುಂಬುತ್ತವೆ.

ಇನ್ನೊಂದು ತಪ್ಪು ತೋಳಿನ ಅಂಕಗಳದ್ದು. ಕೊಳ್ಳುವಾಗ ಏನೂ ಹೇಳದಿದ್ದರೆ ಸೈಬರ್ ತೋಳಿನ ಬಲ 3, ಚುರುಕುತನ 3. ಮನುಷ್ಯ ಪಾತ್ರವಾದರೆ ತಯಾರಿಯಲ್ಲೇ 6ರವರೆಗೆ ಹೊಂದಿಸಿ, ಮೇಲೆ 3 ಸೇರಿಸಿ 9 ಮಾಡಬಹುದು. ಆ ಒಂದೇ ಕೈಯಿಂದ ಪಿಸ್ತೂಲು ಹಾರಿಸಿದರೆ 9 ಲೆಕ್ಕಕ್ಕೆ ಬರುತ್ತದೆ. ಗೋಡೆ ಹತ್ತುವಾಗ ಹಾಗಲ್ಲ: ಕೆಲಸಕ್ಕೆ ಬಳಸಿದ ಅಂಗಗಳ ಸರಾಸರಿ, ನಾಜೂಕಾದ ಹೊಂದಾಣಿಕೆ ಬೇಕಿದ್ದರೆ ಎಲ್ಲಕ್ಕಿಂತ ದುರ್ಬಲ ಅಂಗದ ಅಂಕ. ಇದನ್ನು ಮರೆತು 9ನ್ನೇ ಎಲ್ಲೆಡೆ ಬಳಸುವುದರಿಂದ ಆಟದ ನಡುವೆ ಎಷ್ಟೋ ವಾದ ಎದ್ದಿದೆ.

1992ರ ‘ಕ್ರೋಮ್‌ಬುಕ್ 2’ ಸೈಬರ್‌ಪಂಕ್‌ಗೆ ಪೂರ್ತಿ ಬದಲಾದ ದೇಹಗಳ ಮಾದರಿಗಳನ್ನು ತಂದಿತು. ಮನುಷ್ಯನಂತೆಯೇ ಕಾಣುವ ಜೆಮಿನಿಯಿಂದ ಯುದ್ಧದ ಡ್ರಗೂನ್‌ವರೆಗೆ. ಶ್ಯಾಡೋರನ್ 1995ರಲ್ಲಿ ಸೊನ್ನೆಯ ಗೆರೆಯನ್ನೂ ದಾಟಿತು: ಎಸೆನ್ಸ್ ಸೊನ್ನೆಗಿಂತ ಕೆಳಗಿಳಿದರೂ ಮಂತ್ರವಿಧಿಯಿಂದ ಜೀವವನ್ನು ದೇಹಕ್ಕೆ ಕಟ್ಟಿಹಾಕಿದ ಸೈಬರ್‌ಜಾಂಬಿಗಳು ಬಂದವು.

ಈ ನಡುವೆ ಅಂಗವೈಕಲ್ಯವಿರುವ ಆಟಗಾರರು ಎತ್ತಿದ ಆಕ್ಷೇಪ ನೇರವಾಗಿತ್ತು. ಕೃತಕ ಕಾಲು ಧರಿಸಿದವರು ಮನುಷ್ಯರಾಗಿ ಕಡಿಮೆಯಾಗುತ್ತಾರೆಯೇ? ಇದಕ್ಕೆ ‘ಹೌದು’ ಎನ್ನುವ ನಿಯಮ ಸಮತೋಲಕ್ಕೆ ಎಷ್ಟೇ ಒದಗಿದರೂ ತಪ್ಪೇ. 2020ರ ‘ಸೈಬರ್‌ಪಂಕ್ ರೆಡ್’ ಈ ಮಾತಿಗೆ ಕಿವಿಗೊಟ್ಟಿತು. ಕಳೆದುಹೋದ ಅಂಗದ ಜಾಗಕ್ಕೆ ಬರುವ ವೈದ್ಯಕೀಯ ದರ್ಜೆಯ ಭಾಗಕ್ಕೆ ಅಲ್ಲಿ ಮಾನವೀಯತೆಯ ವೆಚ್ಚವಿಲ್ಲ. ಮನುಷ್ಯಶಕ್ತಿಗೆ ಮೀರಿದ್ದನ್ನು ಸೇರಿಸಿದಾಗಲಷ್ಟೇ ಲೆಕ್ಕ ಶುರು.

ರೆಡ್‌ನಲ್ಲಿ ಎಂಪತಿ 6 ಇರುವ ಪಾತ್ರವೊಂದು ಪೂರ್ತಿ ಬಲಾಢ್ಯ ದೇಹ ಬಯಸಿತು ಎನ್ನಿ. ಪಾತ್ರ ರಚನೆಯಲ್ಲಿ ದಾಳ ಬೇಡ, ನಿಗದಿತ ಅಂಕಿಯೇ ಸಾಕು. ಎರಡು ತೋಳಿಗೆ 14, ಎರಡು ಕಾಲಿಗೆ 6, ಸ್ನಾಯು ಮತ್ತು ಮೂಳೆಯ ಬಲವರ್ಧನೆಗೆ 14, ಅದರ ಮೇಲೆ ಕೂರುವ, ದೇಹಕ್ಕೆ ಬಲ ಕೊಡುವ ಚೌಕಟ್ಟಾದ ಸಿಗ್ಮಾ ಲೀನಿಯರ್ ಫ್ರೇಮ್‌ಗೆ 14. ಒಟ್ಟು 48. ಮಾನವೀಯತೆ 60ರಿಂದ 12ಕ್ಕೆ ಇಳಿದು ಎಂಪತಿ 1 ಉಳಿಯುತ್ತದೆ. ಥೆರಪಿಯಿಂದ ಮೇಲೆತ್ತಬಹುದು, ಆದರೆ ಗರಿಷ್ಠವೇ ಕುಗ್ಗಿರುತ್ತದೆ: ಪ್ರತಿ ಭಾಗಕ್ಕೆ 2ರಂತೆ, ಬೋರ್ಗ್‌ವೇರ್ ಎಂಬ ಭಾರೀ ಭಾಗಗಳ ವರ್ಗಕ್ಕೆ ಸೇರಿದ ಫ್ರೇಮ್‌ಗೆ 4. ಹೊಸ ಗರಿಷ್ಠ 46. ಸಾಮಾನ್ಯ ಥೆರಪಿಗೆ ವಾರಕ್ಕೆ 500 ಯೂರೋಬಕ್ (ಆ ಆಟದ ಹಣ), ಎರಡು ದಾಳದಷ್ಟು ಚೇತರಿಕೆ, ಸರಾಸರಿ 7. 34 ಅಂಕ ಮರಳಿಸಲು ಸುಮಾರು ಐದು ವಾರ, 2,500 ಯೂರೋಬಕ್. ಆಗಲೂ ಎಂಪತಿ 4ರಲ್ಲೇ ನಿಲ್ಲುತ್ತದೆ. ಫ್ರೇಮ್ ಕೊಳ್ಳುವಾಗ ಈ ಐದು ವಾರಗಳ ಖರ್ಚನ್ನೂ ಎತ್ತಿಡದವರ ಪಾತ್ರಗಳು ಮುಂದಿನ ಸಂಧಾನದ ದೃಶ್ಯದಲ್ಲೇ ಸೋಲುತ್ತವೆ.

ಖಜಾನೆಯನ್ನೇ ಬಿಟ್ಟುಕೊಟ್ಟ ಆಟಗಳೂ ಇವೆ. 2017ರ ‘ಸ್ಟಾರ್‌ಫೈಂಡರ್’ ದೇಹವನ್ನು ಕಣ್ಣು, ತೋಳು, ಹೃದಯ, ಶ್ವಾಸಕೋಶ ಎಂದು ವಿಂಗಡಿಸಿ ಒಂದೊಂದಕ್ಕೆ ಒಂದೊಂದೇ ಭಾಗ ಎಂದು ಮಿತಿ ಹಾಕಿತು. ಮನಸ್ಸಿನ ಗೊಡವೆಗೆ ಹೋಗಲಿಲ್ಲ. 2009ರ ‘ಎಕ್ಲಿಪ್ಸ್ ಫೇಸ್’ ಪ್ರಶ್ನೆಯನ್ನೇ ತಿರುಗಿಸಿತು. ಅಲ್ಲಿ ಪಾತ್ರವೆಂದರೆ ಮನಸ್ಸು ಮಾತ್ರ, ದೇಹ ತೊಟ್ಟು ಕಳಚುವ ಸಲಕರಣೆ. ಹೊಸ ದೇಹ ಹೊಕ್ಕಾಗ ಅದನ್ನು ನಡೆಸಲು ಬರುತ್ತದೆಯೇ, ಕನ್ನಡಿಯಲ್ಲಿ ಕಾಣುವುದು ನಾನೇ ಎನ್ನಿಸುತ್ತದೆಯೇ ಎಂದು ದಾಳ ಉರುಳಿಸಿ ನೋಡುತ್ತಾರೆ. ‘ಕೇಸ್’ ಎಂಬ ಅಗ್ಗದ ಯಂತ್ರದೇಹ ತೊಟ್ಟವರ ಮಾನವೀಯತೆಗೆ ಅಲ್ಲಿ ಕುಂದಿಲ್ಲ. ಅವರನ್ನು ಕೀಳಾಗಿ ಕಾಣುವುದು ಸುತ್ತಲಿನ ಸಮಾಜ, ಆ ಬಡತನ ಕಂಡು.