ಎಂಟು ತೋಳು ಎಣಿಸಿದರೆ ಸಾಲದು

ಮಂಗಳೂರು, ಮಲ್ಪೆ ಕಡೆಯ ಮೀನು ಘಾಟಿ ಹತ್ತಿ ಹಾಸನಕ್ಕೆ ಬರುವಾಗ ಬಂಗುಡೆ, ಬೂತಾಯಿ ಜೊತೆ ಬೊಂಡಾಸ್, ಅಂದರೆ ಸ್ಕ್ವಿಡ್, ಕೂಡ ಬರುತ್ತದೆ. ಐಸಿನ ಮೇಲೆ ತೋಳು ಚಾಚಿಕೊಂಡು ಬಿದ್ದಿರುವ ಅದನ್ನು ನೋಡಿ "ಅಣ್ಣ, ಇದು ಆಕ್ಟೋಪಸ್ ಅಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ. ಯಾಕೆ ಅಲ್ಲ ಅನ್ನುವುದನ್ನು ಅಂಗಡಿ ಮುಂದೆ ನಿಂತೇ ನೋಡಿ ತಿಳಿಯಬಹುದು.

ಬೊಂಡಾಸ್‌ಗೆ ಎಂಟು ತೋಳುಗಳ ಜೊತೆಗೆ ಬೇಟೆ ಹಿಡಿಯಲೆಂದೇ ಇನ್ನೆರಡು ಉದ್ದ ತೋಳುಗಳಿವೆ. ಮೈಯ ಎರಡೂ ಬದಿಗೆ ಈಜುರೆಕ್ಕೆ ಇದೆ. ಸೀಳಿದರೆ ಒಳಗೆ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯಂಥ ಕಡ್ಡಿ ಸಿಗುತ್ತದೆ. ಅದರ ನೆಂಟ ಕಟಲ್‌ಫಿಶ್‌ನ ಒಳಗೆ ಬಿಳಿಯ ಹಗುರ ಚಿಪ್ಪು ಇರುತ್ತದೆ. ಲವ್ ಬರ್ಡ್ಸ್ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಸಮುದ್ರದ ನೊರೆ ಅದೇ. ಆಕ್ಟೋಪಸ್‌ಗೆ ತೋಳು ಎಂಟೇ. ನಮ್ಮ ಕರಾವಳಿಯ ಬಲೆಗೆ ಬೀಳುವಂಥವಕ್ಕೆ ರೆಕ್ಕೆಯೂ ಇಲ್ಲ. ನನಗೆ ತುಂಬ ಇಷ್ಟವಾದ ಗುರುತು ಮಾತ್ರ ಹೀರುಬಟ್ಟಲಿನದ್ದು. ಬೊಂಡಾಸ್‌ನ ತೋಳಿನ ಮೇಲೆ ಬೆರಳಾಡಿಸಿ ನೋಡಿ, ತರಿತರಿ ಅನ್ನುತ್ತದೆ. ಒಂದೊಂದು ಬಟ್ಟಲೂ ಸಣ್ಣ ತೊಟ್ಟಿನ ಮೇಲೆ ಕೂತಿದೆ. ಅದರ ಬಾಯಿಗೆ ಹಲ್ಲುಗಳಿರುವ ಗಟ್ಟಿ ಬಳೆ ಇದೆ. ಆಕ್ಟೋಪಸ್‌ನ ಬಟ್ಟಲಿಗೆ ತೊಟ್ಟೂ ಇಲ್ಲ, ಹಲ್ಲೂ ಇಲ್ಲ. ಮೆತ್ತಗೆ ತೋಳಿಗೇ ಅಂಟಿಕೊಂಡಿದೆ.

ಇವೆಲ್ಲ ಮೃದ್ವಂಗಿಗಳು. ಮಳೆಗಾಲದಲ್ಲಿ ಸಕಲೇಶಪುರದ ತೋಟಗಳಲ್ಲಿ ಹರಿದಾಡುವ ಬಸವನಹುಳು, ಹೇಮಾವತಿಯ ಕೆಸರಿನಲ್ಲಿ ಹೂತಿರುವ ಕಪ್ಪೆಚಿಪ್ಪು ಕೂಡ ಇದೇ ವಂಶದವು. ಬಸವನಹುಳು ನೆಲಕ್ಕೆ ಹತ್ತಿತು, ಕಪ್ಪೆಚಿಪ್ಪು ನದಿಗೆ ಬಂತು. ಆಕ್ಟೋಪಸ್ ಮತ್ತು ಬೊಂಡಾಸ್ ಬಳಗದ ಒಂದೇ ಒಂದು ಜಾತಿಯೂ ಸಿಹಿನೀರಿಗೆ ಬರಲಿಲ್ಲ.

ಆಕ್ಟೋಪಸ್ ಹೌದೋ ಅಲ್ಲವೋ ಅನ್ನುವುದು ಸುಲಭದ ಪ್ರಶ್ನೆ. ಯಾವ ಆಕ್ಟೋಪಸ್ ಅಂತ ಕೇಳಿದರೆ ಕಷ್ಟ ಶುರು. ಜಗತ್ತಿನಲ್ಲಿ ಸುಮಾರು 300 ಜಾತಿಗಳಿವೆ. ಮೀನಾದರೆ ಹುರುಪೆ ಎಣಿಸಬಹುದು, ರೆಕ್ಕೆಯ ಮುಳ್ಳು ಎಣಿಸಬಹುದು. ಇಲ್ಲಿ ಮೂಳೆಯೂ ಇಲ್ಲ, ಹುರುಪೆಯೂ ಇಲ್ಲ. ಚರ್ಮದಲ್ಲಿರುವ ಬಣ್ಣದ ಚೀಲಗಳನ್ನು ಸಣ್ಣ ಸ್ನಾಯುಗಳು ಎಳೆದು ಬಿಡುತ್ತವೆ, ನರಗಳ ಅಪ್ಪಣೆ ಬಂದ ಕ್ಷಣದಲ್ಲೇ ಬಣ್ಣ ಬದಲಾಗುತ್ತದೆ. ತೋಳಿನ ಉದ್ದ ಅಳೆಯೋಣ ಅಂದರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ತುಂಡಾದರೆ ಮತ್ತೆ ಬೆಳೆಯುತ್ತದೆ. ಅರ್ಧ ಬೆಳೆದ ತೋಳನ್ನು ಅಳೆದು ಜಾತಿ ಹೇಳುವುದು ಹೇಗೆ?

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಫಾರ್ಮಲಿನ್ ಜಾಡಿಯಲ್ಲಿ ಒಂದು ಆಕ್ಟೋಪಸ್ ಇದೆ. ಬಿಳಿಚಿಕೊಂಡಿದೆ, ಮುದುಡಿದೆ. ಲೇಬಲ್ ಮೇಲೆ ಬರೀ 'ಆಕ್ಟೋಪಸ್' ಅಂತಿದೆ. ಅದನ್ನು ಟ್ರೇಗೆ ಇಳಿಸಿ ವಿದ್ಯಾರ್ಥಿಗಳ ಮುಂದೆ ಇಡುವುದು ನನಗೆ ವರ್ಷದ ಒಳ್ಳೆಯ ತರಗತಿ. ಮೊದಲು ರೆಕ್ಕೆ ಹುಡುಕಿಸುತ್ತೇನೆ. ಆಳಸಮುದ್ರದ ಒಂದು ಗುಂಪಿಗೆ, ಅಂದರೆ ಡಂಬೊ ಆಕ್ಟೋಪಸ್ ಮತ್ತು ಅದರ ಬಳಗಕ್ಕೆ, ಮೈಮೇಲೆ ರೆಕ್ಕೆಗಳಿರುತ್ತವೆ. ಹೀರುಬಟ್ಟಲುಗಳ ಪಕ್ಕ ತೆಳ್ಳನೆಯ ಎಳೆಗಳಿರುತ್ತವೆ. ಶಾಯಿಯ ಚೀಲ ಇರುವುದಿಲ್ಲ. ನಮ್ಮದಕ್ಕೆ ರೆಕ್ಕೆ ಇಲ್ಲ, ಹಾಗಾಗಿ ಅದು ಇನ್ನೊಂದು ದೊಡ್ಡ ಗುಂಪಿಗೆ ಸೇರಿತು. ಆಮೇಲೆ ಬಟ್ಟಲುಗಳ ಸಾಲು. ಯುರೋಪಿನ ಎಲಿಡೋನ್ ಕುಲದಲ್ಲಿ ತೋಳಿಗೆ ಒಂದೇ ಸಾಲು, ಆಕ್ಟೋಪಸ್ ಕುಲದಲ್ಲಿ ಎರಡು. ಆಮೇಲೆ ತೋಳುಗಳ ಬುಡ ಅಗಲಿಸಿ, ಬಾಯಿಯ ಸುತ್ತ ನೋಡಬೇಕು. ತೋಳುಗಳ ನಡುವಿನ ಪೊರೆಯಲ್ಲಿ ಪುಟ್ಟ ಪುಟ್ಟ ಜೇಬುಗಳಿದ್ದರೆ ಅದು ಸಿಸ್ಟೋಪಸ್ ಕುಲದ್ದು, ಭಾರತದ ಕಡಲಲ್ಲೂ ಇದೆ. ಕಿವಿರಿನ ಪದರ ಎಣಿಸುವುದು, ಪೊರೆಯ ಆಳ ಅಳೆಯುವುದು ಇವೆಲ್ಲ ತಾಳ್ಮೆಯ ಕೆಲಸ.

"ಸಾರ್, ಇದು ಗಂಡಾ, ಹೆಣ್ಣಾ?" ಅನ್ನುವ ಪ್ರಶ್ನೆ ಅಷ್ಟರಲ್ಲಿ ಬಂದಿರುತ್ತದೆ. ಅದಕ್ಕೂ ತೋಳಿನಲ್ಲೇ ಉತ್ತರ ಇದೆ. ಕಣ್ಣು ಮೇಲಾಗಿ, ಗುಂಡನೆಯ ಮೈ ನಿಮ್ಮ ಕಡೆಗೆ, ತೋಳು ಆಚೆ ಕಡೆಗೆ ಬರುವ ಹಾಗೆ ಇಟ್ಟುಕೊಳ್ಳಿ. ಎರಡು ಕಣ್ಣಿನ ನಡುಗೆರೆಯಿಂದ ಬಲಕ್ಕೆ ಎಣಿಸುತ್ತಾ ಹೋಗಿ. ಮೂರನೆಯ ತೋಳಿನ ತುದಿಯನ್ನು ಲೆನ್ಸ್ ಹಿಡಿದು ನೋಡಿ. ಬಹುಪಾಲು ಜಾತಿಗಳ ಗಂಡಿನಲ್ಲಿ ಅಲ್ಲಿ ಬಟ್ಟಲುಗಳು ನಿಂತುಹೋಗಿ ನುಣ್ಣನೆಯ ತುದಿ ಉಳಿದಿರುತ್ತದೆ. ತೋಳಿನ ಅಂಚಿನಲ್ಲಿ ಒಂದು ಕಾಲುವೆ ಓಡುತ್ತದೆ. ವೀರ್ಯದ ಪೊಟ್ಟಣವನ್ನು ಹೆಣ್ಣಿಗೆ ದಾಟಿಸುವುದು ಈ ತೋಳೇ. ಆ ನುಣ್ಣನೆಯ ತುದಿ ಎಷ್ಟು ಉದ್ದ, ಯಾವ ಆಕಾರ ಅನ್ನುವುದು ಜಾತಿ ಗುರುತಿಸಲು ಒಳ್ಳೆಯ ಸುಳಿವು.

ಈ ತೋಳಿಗೆ ದೊಡ್ಡ ಕಥೆಯಿದೆ. ಆರ್ಗೊನಾಟ್ ಅನ್ನುವ ಆಕ್ಟೋಪಸ್ ಮತ್ತು ಅದರ ಕೆಲವು ಹತ್ತಿರದ ನೆಂಟರಲ್ಲಿ ಗಂಡು ಬಹಳ ಚಿಕ್ಕದು. ಕೂಡುವಾಗ ಅದರ ಆ ತೋಳು ಕಳಚಿಕೊಂಡು ಹೆಣ್ಣಿನ ಮೈಯೊಳಗೇ ಉಳಿಯುತ್ತದೆ. ಫ್ರಾನ್ಸಿನ ಜಾರ್ಜ್ ಕುವಿಯೆ ಅಂದರೆ ಆ ಕಾಲಕ್ಕೆ ಅಂಗರಚನೆ ಬಲ್ಲವರಲ್ಲಿ ದೊಡ್ಡ ಹೆಸರು. ಅಂಥವರೇ 1829ರಲ್ಲಿ ಹೆಣ್ಣಿನ ಮೈಯಲ್ಲಿ ಸಿಕ್ಕ ಇಂಥ ತೋಳನ್ನು ಪರಾವಲಂಬಿ ಹುಳು ಅಂದುಕೊಂಡರು. ಹೆಕ್ಟೊಕೊಟೈಲಸ್ ಅಂತ ಹೆಸರಿಟ್ಟರು. ಅದು ಹುಳು ಅಲ್ಲ ಅಂತ ಮುಂದೆ ಗೊತ್ತಾಯಿತು, ಆದರೂ ಆ ತೋಳಿಗೆ ಇವತ್ತಿಗೂ ಅದೇ ಹೆಸರು. ಕುವಿಯೆಯ ಕೈಯಲ್ಲಿದ್ದದ್ದು ಸತ್ತ ಮಾದರಿ. ಜೀವ ಇರುವಾಗ ಆ ಪ್ರಾಣಿ ಏನು ಮಾಡುತ್ತದೆ ಅಂತ ನೋಡದೆ ಅದರ ಒಂದು ಅಂಗವನ್ನೂ ಸರಿಯಾಗಿ ಗುರುತಿಸಲು ಆಗಲಿಲ್ಲ.

ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕಣ್ಣಿನ ಕೆಳಗೆ ನೀಲಿ ಬಳೆಯ ಮಚ್ಚೆ ಇರುವ ಆಕ್ಟೋಪಸ್‌ಗಳಿವೆ. ಬಹುಕಾಲ ಅವೆಲ್ಲ ಒಂದೇ ಜಾತಿ ಅಂತಲೇ ಲೆಕ್ಕ. 1949ರಲ್ಲಿ ಅವನ್ನು ಎರಡು ಮಾಡಿದರು. ನೋಡಲು ಅವಳಿಜವಳಿ, ಆದರೆ ಒಂದು ಇಡುವುದು ಸಣ್ಣ ಮೊಟ್ಟೆ. ಅದರ ಮರಿಗಳು ಮೊದಲು ನೀರಿನಲ್ಲಿ ತೇಲಿಕೊಂಡು ಬದುಕುತ್ತವೆ. ಇನ್ನೊಂದರದ್ದು ದೊಡ್ಡ ಮೊಟ್ಟೆ, ಮರಿ ಹೊರಬಂದ ಕೂಡಲೇ ತಳ ಹಿಡಿಯುತ್ತದೆ. ಮೈನೋಟ ಬಿಟ್ಟುಕೊಡದ ಗುಟ್ಟನ್ನು ಮೊಟ್ಟೆ, ಮರಿಗಳು ಬಿಟ್ಟುಕೊಟ್ಟವು.

ನೀಲಿ ಬಳೆ ಅಂದಾಗ ಒಂದು ಮಾತು ಹೇಳಲೇಬೇಕು. ಮೈ, ತೋಳು ತುಂಬ ನೀಲಿ ಬಳೆಗಳಿರುವ ಅಂಗೈಗಿಂತ ಚಿಕ್ಕ ಆಕ್ಟೋಪಸ್ ಬೇರೆಯೇ. ಅದರ ಜೊಲ್ಲಿನಲ್ಲಿ ಟೆಟ್ರೊಡೊಟಾಕ್ಸಿನ್ ವಿಷ ಇದೆ. ಕಚ್ಚಿದರೆ ಉಸಿರಾಟವೇ ನಿಲ್ಲಬಹುದು. ಸುಮ್ನೆ ಕೂತಾಗ ಬಳೆಗಳು ಮಂಕಾಗಿರುತ್ತವೆ, ಕೆಣಕಿದರೆ ಮಿಂಚುತ್ತವೆ. ಹಾಗಾಗಿ ಕಡಲತೀರಕ್ಕೆ ಹೋದಾಗ ಯಾವ ಜೀವಂತ ಆಕ್ಟೋಪಸ್ಸನ್ನೂ ಬರಿಗೈಯಲ್ಲಿ ಮುಟ್ಟಬೇಡಿ.

ಹಾಗಂತ ನಡವಳಿಕೆ ಒಂದನ್ನೇ ನಂಬಿದರೂ ಎಡವುತ್ತೇವೆ. ಎರಡೇ ತೋಳೂರಿ ಹಿಂದಕ್ಕೆ ನಡೆಯುವ ಆಕ್ಟೋಪಸ್ ಬಗ್ಗೆ 2005ರಲ್ಲಿ ವರದಿ ಬಂತು, ಒಂದಲ್ಲ, ಎರಡು ಬೇರೆ ಬೇರೆ ಜಾತಿಗಳಲ್ಲಿ. ಅದರಲ್ಲಿ ಒಂದು, ತೆಂಗಿನ ಚಿಪ್ಪು ಹೊತ್ತುಕೊಂಡು ಹೋಗಿ ಬೇಕಾದಾಗ ಅದರೊಳಗೆ ಅಡಗುವ ಜಾತಿ. ಅದು ನಮ್ಮ ಕಡಲಲ್ಲೂ ಇದೆ. ಇಂಡೋನೇಷ್ಯಾದ ಮಿಮಿಕ್ ಆಕ್ಟೋಪಸ್ ಕೆಸರುತಳದಲ್ಲಿ ತೋಳುಗಳನ್ನೆಲ್ಲ ಹಿಂದಕ್ಕೆ ಸೇರಿಸಿಕೊಂಡು ನಂಗ್ ಮೀನಿನ ಥರ ಚಪ್ಪಟೆಯಾಗಿ ಈಜುತ್ತದೆ. 1998ರಲ್ಲಿ ಕಣ್ಣಿಗೆ ಬಿದ್ದ ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 2005ರಲ್ಲಿ. ಅದರ ಹಾಗೇ ಪಟ್ಟೆಪಟ್ಟೆಯಾಗಿರುವ ವುಂಡರ್‌ಪಸ್‌ಗೆ 2006ರಲ್ಲಿ. ವುಂಡರ್‌ಪಸ್‌ನಲ್ಲಿ ಒಂದೊಂದರ ಬಿಳಿ ಮಚ್ಚೆಗಳ ವಿನ್ಯಾಸವೂ ಬೇರೆ. ಫೋಟೊ ಹೋಲಿಸಿದರೆ ಇದು ಹಿಂದೆ ನೋಡಿದ್ದೇ ಪ್ರಾಣಿ ಅಂತ ಹೇಳಬಹುದು. ಬಣ್ಣ ಬದಲಿಸುವ ಪ್ರಾಣಿಯಲ್ಲೂ ಬದಲಾಗದ ಗುರುತು ಇದೆ ಅನ್ನುವುದು ನನಗೆ ಇವತ್ತಿಗೂ ಬೆರಗು.

ಈಗ ಡಿಎನ್‌ಎ ಪರೀಕ್ಷೆಯೂ ಸೇರಿಕೊಂಡಿದೆ. ಕುವಿಯೆ 1797ರಲ್ಲಿ ಹೆಸರಿಟ್ಟ 'ಸಾಮಾನ್ಯ ಆಕ್ಟೋಪಸ್' ಜಗತ್ತಿನ ತುಂಬ ಇದೆ ಅಂತ ನಂಬಿದ್ದರು. ಬ್ರೆಜಿಲ್ ಕಡೆಯದ್ದಕ್ಕೆ 2008ರಲ್ಲಿ ಬೇರೆ ಹೆಸರು ಬಂತು. ಚೀನಾ, ಜಪಾನ್ ಕಡೆಯದ್ದೂ ಬೇರೆ ಜಾತಿ ಅಂತ ಆಮೇಲೆ ತೀರ್ಮಾನವಾಯಿತು.

ಅದಕ್ಕೇ, ಕರಾವಳಿ ಪ್ರವಾಸಕ್ಕೆ ಹೊರಡುವ ಹುಡುಗರಿಗೆ ಹೇಳಿ ಕಳಿಸುತ್ತೇನೆ. ಬಲೆಯಲ್ಲಿ ಸತ್ತ ಆಕ್ಟೋಪಸ್ ಸಿಕ್ಕಿ ತರುವುದಾದರೆ ಬರೀ ಪ್ರಾಣಿ ತರಬೇಡಿ. ಯಾವ ಬಂದರು, ಎಷ್ಟು ಆಳ, ತಳ ಮರಳೋ ಕಲ್ಲೋ ಕೆಸರೋ ಅಂತ ಮೀನುಗಾರರನ್ನು ಕೇಳಿ ಬರೆದುಕೊಳ್ಳಿ. ಬಣ್ಣ ಮಾಸುವ ಮುಂಚೆ ಫೋಟೊ ತೆಗೆಯಿರಿ, ಬಲಗಡೆಯ ಮೂರನೆಯ ತೋಳಿನದ್ದೂ ಇರಲಿ. ಮೊಟ್ಟೆ ಇದ್ದರೆ ಅಳೆಯಿರಿ. ಫಾರ್ಮಲಿನ್‌ಗೆ ಹಾಕುವ ಮೊದಲು ತೋಳಿನ ಒಂದು ಚೂರನ್ನು ಆಲ್ಕೋಹಾಲಿನಲ್ಲಿ ಬೇರೆ ಇಡಿ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ, ಆಮೇಲೆ ಬೇಕು ಅಂದರೂ ಸಿಗುವುದು ಕಷ್ಟ.