ನೋಟ್ಸ್ ಯಾಕೆ ಕೊಡುವುದಿಲ್ಲ ಅಂದರೆ

ಜೂನ್‌ನಲ್ಲಿ ಮೊದಲ ರಕ್ಷಕರ (ಮಕ್ಕಳ ತಂದೆ ತಾಯಿಯರ) ಸಭೆ ಮುಗಿಯುವಾಗ ಹೊರಗೆ ಜೋರು ಮಳೆ. ಕೊಡೆ ಬಿಡಿಸುವ ಮೊದಲು ಯಾರಾದರೂ ಒಬ್ಬರು ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: “ಟೀಚರ್, ನೋಟ್ಸ್ ಕೊಡ್ತೀರಲ್ವಾ?” ಇಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ಕೇರಳದ ಮಂಜೇಶ್ವರದ ಕಡೆ ಇಂಗ್ಲಿಷ್ ಕಲಿಸಲು ತೊಡಗಿದ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಪ್ಲಸ್ ಟುವಿನಲ್ಲಿ, ಅಂದರೆ ಹನ್ನೆರಡನೇ ತರಗತಿಯಲ್ಲಿ, ಇಂಗ್ಲಿಷನ್ನು ಸ್ವಲ್ಪ ಮೇಲಿನ ಮಟ್ಟದಲ್ಲಿ ಕಲಿಯಬೇಕು ಎಂದು ತಾವಾಗಿ ಬರುವ ಮಕ್ಕಳಿಗೆ ನಾನೊಂದು ಕ್ಲಾಸು ನಡೆಸುತ್ತೇನೆ. ಅದರ ನಿಯಮಗಳು ಹೆಚ್ಚಿಲ್ಲ. ಪಾಠವನ್ನು ಒಮ್ಮೆ ಓದಿಕೊಂಡು ಬರಬೇಕು. ಬರವಣಿಗೆ ತಡವಾದರೆ ಮೊದಲೇ ಹೇಳಬೇಕು. ಜ್ವರವೋ, ಅಡಿಕೆ ಕೊಯ್ಲೋ, ಮನೆಯಲ್ಲಿ ಕೋಲವೋ, ಹೇಳಿದರೆ ಎರಡು ದಿನ ಜಾಸ್ತಿ ಕೊಡುತ್ತೇನೆ. ಇದರಲ್ಲೆಲ್ಲ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಒಂದೇ ನಿಯಮಕ್ಕೆ. ಮೊದಲ ಸಲ ಬರೆಯುವಾಗ ಗೈಡ್ ಬೇಡ, ಮೊಬೈಲ್ ಬೇಡ, ನನ್ನ ನೋಟ್ಸೂ ಬೇಡ. ಪೆನ್ನಿನಲ್ಲಿ ಬರೆಯಿರಿ, ತಪ್ಪಿದರೆ ಒಂದು ಗೆರೆ ಎಳೆಯಿರಿ. ಅಳಿಸಬೇಡಿ.

“ತಪ್ಪೇ ಬರೆಯುತ್ತಾರಲ್ಲ, ಅದರಿಂದ ಏನು ಕಲಿತ ಹಾಗಾಯಿತು?” ಎಂದು ಒಬ್ಬರು ತಂದೆ ಕೇಳಿದ್ದರು. ಕಾಳಜಿಯಿಂದಲೇ ಕೇಳಿದ್ದು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಪರೀಕ್ಷೆಯಲ್ಲಿ ‘ಪ್ರೊಫೈಲ್’ ಬರೆಯುವ ಪ್ರಶ್ನೆ ಉಂಟು. ಹುಟ್ಟಿದ ವರ್ಷ, ಸಾಧನೆ, ಪ್ರಶಸ್ತಿ ಎಂದು ಬಿಡಿ ಮಾಹಿತಿ ಕೊಟ್ಟಿರುತ್ತಾರೆ. ಅದನ್ನು ವಾಕ್ಯಗಳಾಗಿ ಕಟ್ಟಬೇಕು. ಒಮ್ಮೆ ನಾನು ನಮ್ಮ ಊರಿನವರೇ ಆದ ಗೋವಿಂದ ಪೈಗಳ ಬಗ್ಗೆ ಕೊಟ್ಟೆ. ಜನನ 1883, ರಾಷ್ಟ್ರಕವಿ ಗೌರವ 1949, ನಿಧನ 1963. ಬಂದ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮೊಬೈಲಿನಿಂದ ಇಳಿಸಿದ, ಒಂದೂ ತಪ್ಪಿಲ್ಲದ ಇಂಗ್ಲಿಷ್. ಓದಿ ಕೆಳಗಿಟ್ಟೆ. ನನಗೆ ಅಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ.

ಒಬ್ಬಳು ಹುಡುಗಿ ಮಾತ್ರ ಹೀಗೆ ಬರೆದಿದ್ದಳು: “ಮೈ ಗ್ರ್ಯಾಂಡ್‌ಫಾದರ್ ವಾಸ್ ಟೆಲ್ಲಿಂಗ್ ದಟ್ ಗೋವಿಂದ ಪೈ ವಾಸ್ ನೋಯಿಂಗ್ ಮೆನಿ ಲ್ಯಾಂಗ್ವೇಜಸ್.”

ಈ ಒಂದು ವಾಕ್ಯದ ಮೇಲೆ ಅವತ್ತು ಇಡೀ ಪೀರಿಯಡ್ ಹೋಯಿತು. ಕನ್ನಡದಲ್ಲಿ ‘ಅಜ್ಜ ಹೇಳುತ್ತಿದ್ದರು’ ಎಂಬುದಕ್ಕೆ ಎರಡು ಅರ್ಥ. ನಾನು ಒಳಗೆ ಬಂದಾಗ ಅಜ್ಜ ಏನೋ ಹೇಳುತ್ತಿದ್ದರು ಎಂಬುದು ಒಂದು. ಅಜ್ಜ ಬದುಕಿದ್ದಾಗ ಯಾವಾಗಲೂ ಹೀಗೆ ಹೇಳುತ್ತಿದ್ದರು ಎಂಬುದು ಇನ್ನೊಂದು. ನಮಗೆ ಎರಡಕ್ಕೂ ಒಂದೇ ರೂಪ ಸಾಕು. ಇಂಗ್ಲಿಷಿಗೆ ಸಾಲದು. ಮೊದಲನೆಯದಕ್ಕೆ ‘ವಾಸ್ ಟೆಲ್ಲಿಂಗ್’, ಎರಡನೆಯದಕ್ಕೆ ‘ಯೂಸ್ಡ್ ಟು ಟೆಲ್’. ಇನ್ನು ‘ನೋ’ ಎಂಬ ಕ್ರಿಯಾಪದಕ್ಕೆ ಹೀಗೆ ‘ಇಂಗ್’ ಹಚ್ಚುವುದಿಲ್ಲ. ಗೊತ್ತಿರುವುದು ನಡೆಯುತ್ತಾ ಇರುವ ಕೆಲಸವಲ್ಲ, ಇರುವ ಸ್ಥಿತಿ. ‘ನ್ಯೂ’ ಎಂದರೆ ಮುಗಿಯಿತು. ಆ ಹುಡುಗಿ ತಪ್ಪಿದ್ದು ದಡ್ಡತನದಿಂದ ಅಲ್ಲ. ಅವಳ ಕನ್ನಡ ಸರಿಯಾಗಿತ್ತು, ಅದನ್ನೇ ನಂಬಿ ಬರೆದಿದ್ದಳು. ಎಲ್ಲಿ ಎಡವಿದಳು ಎಂದು ನನಗೆ ಕಂಡಿತು, ಕೈ ಹಿಡಿಯಲು ಆಯಿತು. ನೋಟ್ಸ್ ನೋಡಿ ಬರೆದಿದ್ದರೆ ಆ ಜಾಗ ನನಗೂ ಕಾಣುತ್ತಿರಲಿಲ್ಲ, ಅವಳಿಗೂ ಕಾಣುತ್ತಿರಲಿಲ್ಲ. ಅಜ್ಜನೂ ಪುಟಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಕೆಂಪು ಗುರುತು ಕಂಡ ಕೂಡಲೇ ಮಾರ್ಕು ಹೋಯಿತು ಅಂದುಕೊಳ್ಳಬೇಡಿ. ಮೊದಲ ಕರಡಿಗೆ ನಾನು ಮಾರ್ಕು ಹಾಕುವುದೇ ಇಲ್ಲ. ಎರಡನೆಯದಕ್ಕೆ ಹಾಕುತ್ತೇನೆ. ಅಷ್ಟರಲ್ಲಿ ಡಿಕ್ಷನರಿ ನೋಡಬಹುದು, ಗೆಳೆಯರನ್ನು ಕೇಳಬಹುದು, ಬೇಕಾದರೆ ಮೊಬೈಲನ್ನೂ ತೆರೆಯಬಹುದು. ಮೊದಲನೆಯದು ಮಾತ್ರ ನಿಮ್ಮದೇ ಆಗಿರಲಿ.

ಬಾಯಿಪಾಠ ಪರೀಕ್ಷೆಯಲ್ಲಾದರೂ ಕೈ ಹಿಡಿಯುತ್ತದಾ? ಲಿಖಿತ ಪರೀಕ್ಷೆ 80 ಅಂಕದ್ದು, ಎರಡೂವರೆ ಗಂಟೆ. ಉಳಿದ 20 ನಿರಂತರ ಮೌಲ್ಯಮಾಪನದ್ದು. ಪತ್ರ, ಭಾಷಣ, ವರದಿ ಎಲ್ಲ ಕೇಳುತ್ತಾರೆ, ಆದರೆ ಸಂದರ್ಭ ಪ್ರತಿ ಸಲ ಬೇರೆ. ಮಾಡೆಲ್ ಪರೀಕ್ಷೆಯಲ್ಲಿ ಒಬ್ಬ ಹುಡುಗ, ರಸ್ತೆ ಗುಂಡಿಯ ಬಗ್ಗೆ ಪತ್ರಿಕೆಗೆ ಪತ್ರ ಬರೆಯಿರಿ ಅಂದರೆ, ಹೊಳೆಗೆ ಪ್ಲಾಸ್ಟಿಕ್ ಎಸೆಯುವ ಬಗ್ಗೆ ಒಂದೂವರೆ ಪುಟ ಬರೆದಿಟ್ಟಿದ್ದ. ತಪ್ಪಿಲ್ಲದ ಬರಹ. ಪಾಪ, ಅವನಿಗೆ ಬರುತ್ತಿದ್ದುದು ಅದೊಂದೇ ಪತ್ರ. ಪ್ರಶ್ನೆ ಓದಲೆಂದೇ ಮೊದಲಿಗೆ 15 ನಿಮಿಷ ‘ಕೂಲ್ ಆಫ್’ ಸಮಯ ಇರುತ್ತದೆ. ಆ ಹೊತ್ತಿನಲ್ಲಿ ಅವನು ಪತ್ರವನ್ನು ಮನಸ್ಸಿನಲ್ಲೇ ಒಪ್ಪಿಸಿ ನೋಡುತ್ತಿದ್ದನಂತೆ.

ಎಲ್ಲ ಮಕ್ಕಳಿಗೂ ಇದೇ ದಾರಿ ಎಂದು ನಾನು ಹೇಳಲಾರೆ. ಪಾಸಾಗಲು 80ರಲ್ಲಿ 24 ಬೇಕು. ಅದೂ ಕಷ್ಟವಾಗಿರುವ ಮಗುವಿಗೆ ಪರೀಕ್ಷೆ ಹತ್ತಿರ ಬಂದಾಗ ನಾನೇ ಕೂತು ನೋಟ್ಸ್ ಬರೆದುಕೊಟ್ಟದ್ದುಂಟು. ಆ ಮಗುವಿನ ಅಗತ್ಯ ಬೇರೆ. ಆದರೆ ಈ ಕ್ಲಾಸಿಗೆ ಬರುವವರು ಅಷ್ಟಕ್ಕೇ ಬರುವುದಲ್ಲ ಅಲ್ವಾ?

ಇವರಲ್ಲಿ ಹೆಚ್ಚಿನವರು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಕೊಂಕಣಿ. ಪೇಟೆಯಲ್ಲಿ ಮಲಯಾಳ. ಅಂಗಡಿಯವರು ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರ ಕೊಟ್ಟು ಚಿಲ್ಲರೆ ಎಣಿಸಿ ತರುವ ಮಕ್ಕಳು ಇವರು. ಆ ಭಾಷೆಗಳನ್ನೆಲ್ಲ ಯಾರ ನೋಟ್ಸ್ ನೋಡಿ ಕಲಿತರು? ಇಂಗ್ಲಿಷ್ ಎಂದ ಕೂಡಲೇ ಇವರ ಧೈರ್ಯ ಉಡುಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ರಕ್ಷಕರಲ್ಲಿ ಒಂದೇ ವಿನಂತಿ. ಪುಸ್ತಕ ತೆರೆದು “ಎಷ್ಟು ತಪ್ಪು!” ಎಂದು ಸುಮ್ನೆ ಬೈಯಬೇಡಿ. ಎರಡನೇ ಕರಡು ಎಲ್ಲಿ ಎಂದು ಕೇಳಿ. ಈ ವಾರ ಮಕ್ಕಳಿಗೆ ಕೊಟ್ಟ ಕೆಲಸ, ಮನೆಯ ಹಿರಿಯರೊಬ್ಬರ ಬಗ್ಗೆ ಒಂದು ಪುಟ. ಅಜ್ಜಿಯ ಹತ್ತಿರ ಕೂತು ಅವರ ಭಾಷೆಯಲ್ಲೇ ಕೇಳಲಿ, ಬರೆಯುವುದು ಇಂಗ್ಲಿಷಿನಲ್ಲಿ. ಸೋಮವಾರ ಪುಸ್ತಕ ನನ್ನ ಮೇಜಿನ ಮೇಲಿರಬೇಕು, ಗೀಟು ಹಾಕಿದ ಸಾಲುಗಳ ಸಮೇತ.